ನಡುಹೊಳೆಯ ಕೂಗು

ಡಂಡಂ ಡಂಡಂ ಡಂಗುರ ಬಿತ್ತು ಜಾಲಿಕೋಟೆಯಲ್ಲಿ.

"ಕೇಳ್ರಪ್ಪೋ ಕೇಳ್ರೀ! ರಾಜಕುಮಾರಿ ನೀಲಾಂಬೆ ಮೂರು ಒಗಟು ಕೇಳ್ತಾರೆ. ಮೂರನ್ನೂ ಬಿಡಿಸಿದವರು ಬೇಡಿದ್ದನ್ನು ಅರಮನೆ ಕೊಡುತ್ತೆ. ಒಂದು ತಪ್ಪಿದರೂ ಸೋಮವಾರ ಬೆಳಿಗ್ಗೆ ನೇಣು! ಇದು ವೀರಭೂಪ ಮಹಾರಾಜರ ಅಪ್ಪಣೆ!"

ನೇಣು ಅಂದದ್ದೇ ತಡ, ಸಂತೆಯಲ್ಲಿದ್ದವರೆಲ್ಲ ಕುತ್ತಿಗೆ ಸವರಿಕೊಂಡರು. ಬಳೆ ಮಲಾರ ಹೊತ್ತು ನಿಂತಿದ್ದ ಬರಮನ ಮುಖ ಮಾತ್ರ ಅರಳಿತು. ಹುಚ್ಚನಲ್ಲ ಅವನು. ಅದೇ ಸೋಮವಾರ, ಅದೇ ನೇಣುಗಂಬದಲ್ಲಿ ಅವನ ಅಣ್ಣ ದ್ಯಾಮಣ್ಣನಿಗೂ ನೇಣು ನಿಗದಿಯಾಗಿತ್ತು. ಅಣ್ಣನನ್ನು ಬಿಡಿಸಿಕೊಳ್ಳಲು ಬೇರೆ ದಾರಿಯೇ ಇರಲಿಲ್ಲ.

ದ್ಯಾಮಣ್ಣ ಮಾಡಿದ ಪಾಪವೇನು ಗೊತ್ತೇ? ಬಾಕು ಮುಚ್ಚಿಟ್ಟುಕೊಂಡದ್ದು! ಅಣ್ಣತಮ್ಮ ಇಬ್ಬರೂ ಹೊಳೆಯಾಚೆಯ ನೇರಳಕೋಟೆಯವರು. ಕಾಡುದಾರಿಯಲ್ಲಿ ಬಳೆ ಮಾರುತ್ತ ತಿರುಗುವವನ ಸೊಂಟದಲ್ಲಿ ಒಂದು ಬಾಕು ಬೇಡವೇ? ನೇರಳಕೋಟೆಯಲ್ಲಿ ಅರಮನೆಯ ಪರವಾನಗಿಯ ಹಿತ್ತಾಳೆ ಬಿಲ್ಲೆ ಪಡೆದವನು ಬಾಕನ್ನು ಅಂಗಿಯೊಳಗೇ ಇಟ್ಟುಕೊಳ್ಳಬೇಕು. ಹೊರಗೆ ತೋರಿಸಿ ಜನರನ್ನು ಹೆದರಿಸಿದರೆ ಛಡಿ ಏಟು. ಹೊಳೆ ದಾಟಿ ಜಾಲಿಕೋಟೆಗೆ ಬಂದರೆ ಎಲ್ಲಾ ತಲೆಕೆಳಗು. ಇಲ್ಲಿ ಬಾಕು ಎದುರಿನವರ ಕಣ್ಣಿಗೆ ಬೀಳುವಂತೆ ಹೊರಗೇ ನೇತಾಡಬೇಕು, ಮುಚ್ಚಿಟ್ಟವನು ಕೊಲೆಗಡುಕನೆಂದೇ ಲೆಕ್ಕ. ಆಚೆಯ ಬಿಲ್ಲೆಗೆ ಇಲ್ಲಿ ಕವಡೆ ಕಿಮ್ಮತ್ತಿಲ್ಲ. ಇನ್ನು ಬೆಟ್ಟದಾಚೆಯ ಬಾನಿಕೋಟೆಯಲ್ಲಂತೂ ಒಳಗೋ ಹೊರಗೋ ಕೇಳುವ ನರಪಿಳ್ಳೆಯೂ ಇಲ್ಲ. ದ್ಯಾಮಣ್ಣ ಅಂಗಿಯೊಳಗಿನ ಬಾಕಿನ ಸಮೇತ ಈ ದಡ ಹತ್ತಿ ಸಿಕ್ಕಿಬಿದ್ದಿದ್ದ.

ಒಗಟು ಬಿಡಿಸಲು ಮೂವರು ಬಂದರು: ಬಾನಿಕೋಟೆಯ ಯುವರಾಜ, ದಂಡನಾಯಕನ ಮಗ, ಕೊನೆಗೆ ನಮ್ಮ ಬರಮ. ರಾಜಕುಮಾರಿಯ ಕೈ ಹಿಡಿದೇ ಹೋಗುವೆವೆಂದು ಮೊದಲಿನಿಬ್ಬರೂ ಮೀಸೆ ತಿರುವುತ್ತಿದ್ದರು. ಬರಮ ಮಲಾರ ಕೆಳಗಿಟ್ಟು ಅವರ ಹಿಂದೆ ನಿಂತ.

ನೀಲಾಂಬೆ ಸಿಂಹಾಸನದ ಪಕ್ಕ ನಿಂತು ಕೇಳಿದಳು: "ಹೊಳೆಯ ಆ ದಡದಲ್ಲಿ ಅವನು ಮರ್ಯಾದಸ್ಥ. ಈ ದಡಕ್ಕೆ ಕಾಲಿಟ್ಟೊಡನೆ ಕೊಲೆಗಡುಕ. ನಡುವೆ ಅವನು ಯಾರ ಮೈಯನ್ನೂ ಮುಟ್ಟಲಿಲ್ಲ. ಯಾರವನು?"

"ಹುಲಿ!" ಎಂದ ಯುವರಾಜ ಗತ್ತಿನಿಂದ. "ಆ ದಡದಲ್ಲಿ ಅದರ ಹೊಟ್ಟೆ ತುಂಬಿತ್ತು, ಈ ದಡಕ್ಕೆ ಬಂದಾಗ ಹಸಿವಾಯಿತು!"

"ಹುಲಿಯನ್ನು ಮರ್ಯಾದಸ್ಥ ಅನ್ನೋದು ನಿಮ್ಮೂರಲ್ಲೇ ಇರಬೇಕು," ಎಂದಳು ನೀಲಾಂಬೆ. ಕಾವಲುಗಾರರು ಯುವರಾಜನನ್ನು ಎಳೆದೊಯ್ದರು. ಪಾಪ, ಬಾಕಿನ ಕಾಯಿದೆಯೇ ಇಲ್ಲದ ಊರಿನವನಿಗೆ ಹೇಗೆ ಹೊಳೆಯಬೇಕು!

ಬರಮ ಮುಂದೆ ಬಂದು ಕೈಮುಗಿದ. "ಅವನು ನಮ್ಮಣ್ಣ, ತಾಯಿ. ಅಂಗಿಯೊಳಗೆ ಬಾಕು ಇಟ್ಟುಕೊಂಡು ಹೊಳೆ ದಾಟಿದವನು."

ಸಭೆ ಗುಜುಗುಜು ಎಂದಿತು. ರಾಜಕುಮಾರಿ ತಲೆಯಾಡಿಸಿದಳು. "ಎರಡನೆಯದು. ಬಾಕು ಮುಚ್ಚಿಟ್ಟರೆ ಇಲ್ಲಿ ನೇಣು, ತೋರಿಸಿದರೆ ಅಲ್ಲಿ ಛಡಿ. ಆದರೂ ಜನ ದಿನಾ ಹೋಗಿ ಬರುತ್ತಿದ್ದರು, ಯಾರಿಗೂ ಏನೂ ಆಗುತ್ತಿರಲಿಲ್ಲ. ಅವರನ್ನು ಕಾಯುತ್ತಿದ್ದದ್ದು ಈ ಬೇಸಿಗೆಯಲ್ಲಿ ಇಲ್ಲವಾಯಿತು. ಏನದು?"

"ಮಂತ್ರಿಸಿದ ತಾಯಿತ!" ಎಂದು ಕೂಗಿಯೇಬಿಟ್ಟ ದಂಡನಾಯಕನ ಮಗ. ಅವನ ಬಾಕನ್ನು ಹೊರುವುದಕ್ಕೆ ಆಳುಗಳಿದ್ದರು, ಅವನಿಗೇನು ಗೊತ್ತು! ಅವನನ್ನೂ ಎಳೆದೊಯ್ದರು.

ಬರಮನ ಕಣ್ಣಲ್ಲಿ ನೀರಾಡಿತು. "ಅಂಬಿಗನ ಕೂಗು, ತಾಯಿ. ಹರಿಗೋಲು ನಡುಹೊಳೆಗೆ ಬಂದಾಗ ಅವನು 'ಬಾಕು ಹೊರಗೋ!' ಅಂತ ಕೂಗೋನು, ಎಲ್ಲರೂ ತೆಗೆದು ಹೊರಗೆ ಸಿಕ್ಕಿಸಿಕೊಳ್ಳೋರು. ವಾಪಸ್ಸು ಹೋಗೋವಾಗ 'ಬಾಕು ಒಳಗೋ!' ಈ ಸಲ ಹೊಳೆ ಬತ್ತಿತು. ಜನ ಮರಳಿನ ಮೇಲೆ ನಡೆದೇ ಬಂದರು. ಹರಿಗೋಲೂ ಇಲ್ಲ, ಕೂಗೋರೂ ಇಲ್ಲ. ಅಣ್ಣ ಮರೆತುಬಿಟ್ಟ. ಅಷ್ಟೇ ಅವನ ತಪ್ಪು!"

ರಾಜಕುಮಾರಿ ಮತ್ತೆ ತಲೆಯಾಡಿಸಿದಳು.

"ಕೊನೆಯದು," ಎಂದಳು ನೀಲಾಂಬೆ. "ಈ ಸಭೆಯಲ್ಲೇ ಒಬ್ಬರು ಬಾಕು ಮುಚ್ಚಿಟ್ಟುಕೊಂಡಿದ್ದಾರೆ. ಆದರೂ ಅವರಿಗೆ ನೇಣಿಲ್ಲ. ಯಾರವರು?"

ಅಬ್ಬಬ್ಬಾ! ಬರಮ ಸುತ್ತಲೂ ನೋಡಿದ. ಮಂತ್ರಿಗಳ ಬಾಕು ಹೊರಗೆ, ಕಾವಲುಗಾರರದ್ದು ಹೊರಗೆ, ದೊರೆಯದ್ದೂ ಹೊರಗೆ. ಮತ್ತೆ ರಾಜಕುಮಾರಿಯನ್ನು ನೋಡಿದ. ಅವಳ ಎಡಗೈ ಆಗಾಗ ಸೊಂಟದ ನೆರಿಗೆ ಮುಟ್ಟಿ ಬರುತ್ತಿತ್ತು. ಕಾಡುದಾರಿಯಲ್ಲಿ ನಡೆಯುವಾಗ ಅಣ್ಣನ ಕೈಯೂ ಹೀಗೇ ಸೊಂಟಕ್ಕೆ ಹೋಗಿ ಬರುತ್ತಿತ್ತು! ಹೇಳಿದರೆ ದೊರೆಮಗಳ ಮೇಲೆ ಕೊಲೆಗಡುಕಿಯ ಆರೋಪ, ಹೇಳದಿದ್ದರೆ ಅಣ್ಣನ ಕುತ್ತಿಗೆಗೆ ಹಗ್ಗ.

"ನೀವೇ, ತಾಯಿ," ಎಂದುಬಿಟ್ಟ.

"ಎಲವೋ!" ದೊರೆ ಗುಡುಗಿ ಎದ್ದು ನಿಂತ.

ನೀಲಾಂಬೆ ನೆರಿಗೆಯೊಳಗಿಂದ ಪುಟ್ಟ ಬಾಕೊಂದನ್ನು ತೆಗೆದು ತಂದೆಯ ಪಾದದ ಬಳಿ ಇಟ್ಟಳು. "ಹೌದು ಅಪ್ಪಾಜಿ, ಇದು ಅಮ್ಮನದು. ಅಮ್ಮ ನೇರಳಕೋಟೆಯವರು. ಮದುವೆಯಾಗಿ ಬರುವಾಗ ಮುಚ್ಚಿಟ್ಟುಕೊಂಡೇ ಹೊಳೆ ದಾಟಿದರು. ನಿಮಗೆ ಗೊತ್ತಿತ್ತು. ಅವರನ್ನು ನೇಣಿಗೆ ಕಳಿಸಿದಿರಾ? ಬಳೆಗಾರ ದ್ಯಾಮಣ್ಣನನ್ನು ಬಿಡಿ ಅಂತ ನಾನು ಎಷ್ಟು ಬೇಡಿದರೂ ನೀವು ಕೇಳಲಿಲ್ಲ. ಅದಕ್ಕೇ ಈ ಒಗಟು ಕಟ್ಟಿ ಸಭೆಯ ಎದುರು ಹೇಳಿಸಿದೆ. ಸೋಮವಾರ ಅವನನ್ನು ನೇಣಿಗೆ ಹಾಕುವುದಾದರೆ ನನ್ನನ್ನೂ ಹಾಕಿಸಿ."

ದೊರೆ ಬಾಗಿ ಹೆಂಡತಿಯ ಬಾಕನ್ನು ಎತ್ತಿಕೊಂಡ. "ಗೊತ್ತಿತ್ತು ಕಣಮ್ಮ," ಎಂದ ಮೆಲ್ಲಗೆ. ಆಮೇಲೆ ಅಪ್ಪಣೆಯಾಯಿತು: ಅಂಗಿಯೊಳಗೆ ಬಾಕು ಇದ್ದ ಮಾತ್ರಕ್ಕೆ ಇನ್ನು ಯಾರಿಗೂ ನೇಣಿಲ್ಲ, ನೇರಳಕೋಟೆಯ ಬಿಲ್ಲೆಗೆ ಇಲ್ಲಿಯೂ ಬೆಲೆಯುಂಟು, ಒಗಟು ತಪ್ಪಿದ ಆ ಇಬ್ಬರು ಮೀಸೆಯವರನ್ನೂ ಬಿಟ್ಟುಬಿಡಿ.

"ಒಗಟು ಬಿಡಿಸಿದವನೇ, ಏನು ಬೇಕು ಕೇಳು. ಅರ್ಧ ರಾಜ್ಯ ಕೊಡಲೇ?" ಎಂದು ದೊರೆ ಬರಮನನ್ನು ಕೇಳಿದ.

"ನಮ್ಮಣ್ಣನನ್ನು ಕೊಡಿ ಬುದ್ಧಿ, ಸಾಕು!"

ಸಂಕೋಲೆ ಕಳಚಿ ದ್ಯಾಮಣ್ಣನನ್ನು ಕರೆತಂದರು. ಬರಮ ಓಡಿಹೋಗಿ ಅವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತ. ದ್ಯಾಮಣ್ಣ ನಡೆದದ್ದನ್ನೆಲ್ಲ ಕೇಳಿ, ಕಣ್ಣೊರೆಸಿಕೊಂಡು, ತಮ್ಮನ ತಲೆಗೊಂದು ಮೊಟಕಿದ.

"ಅರ್ಧ ರಾಜ್ಯ ಬೇಡ ಅಂದೆಯೇನೋ, ದಡ್ಡ!"

"ಸುಮ್ಮನಿರಣ್ಣ," ಎಂದ ಬರಮ. "ಅರ್ಧ ಮಾಡಿದರೆ ನಡುವೆ ಇನ್ನೊಂದು ಗಡಿ ಹುಟ್ಟುತ್ತೆ. ಇರೋ ಒಂದನ್ನೇ ನೀನು ನೆನಪಿಟ್ಟುಕೊಳ್ಳಲಿಲ್ಲ!"