ಕಂಬದ ಪಾದ

“ಗುರುಗಳೇ, ಒಬ್ಬ ಹಿಂದೆ ಬಿದ್ದರೆ ಅವನಿಗಾಗಿ ಉಳಿದವರೆಲ್ಲ ಏಕೆ ನಿಲ್ಲಬೇಕು?”

ಷಡಕ್ಷರಿ ಬಟ್ಟೆಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಈ ಮಾತು ಕೇಳಿದ. ಗುರುಗಳ ಬಳಿ ಹಾಡು ಕಲಿಯುವವರಲ್ಲಿ ಅವನೇ ಚುರುಕು. ಭರಮಪ್ಪನೆಂಬ ಇನ್ನೊಬ್ಬ ಶಿಷ್ಯ ಇನ್ನೂ ಮೊದಲ ಸರಳೆಯಲ್ಲೇ ತಡವರಿಸುತ್ತಿದ್ದ. ಅವನ ಸಲುವಾಗಿ ಗುರುಗಳು ದಿನವೂ ಪಾಠವನ್ನು ಮೊದಲಿನಿಂದ ಹೇಳಿಸುತ್ತಿದ್ದರು. ಷಡಕ್ಷರಿಗೆ ಅದು ಸಾಕುಸಾಕಾಗಿ ಹೋಗಿತ್ತು. ಭರಮಪ್ಪನನ್ನು ಬೇರೆ ಕೂರಿಸದಿದ್ದರೆ ತಾನು ಬೇರೆ ಗುರುವನ್ನು ಹುಡುಕಿಕೊಳ್ಳುವುದೆಂದು ನಿರ್ಧರಿಸಿಯೇ ಬಂದಿದ್ದ.

“ಹೋಗುವವನು ಹೇಗೂ ಹೋಗುತ್ತೀಯೆ. ಒಂದು ಕತೆ ಕೇಳಿಕೊಂಡು ಹೋಗು,” ಎಂದು ಗುರುಗಳು ಶುರುಮಾಡಿದರು.

ಒಬ್ಬ ಗುತ್ತಿಗೆದಾರನಿದ್ದ. ಮನೆ ಕಟ್ಟಿಸುವುದೇ ಅವನ ಕಸುಬು, ಅದೇ ಅವನ ಹುಚ್ಚು. ಮದುವೆಗೆ ಹೋದರೂ ಗಂಡುಹೆಣ್ಣನ್ನು ಬಿಟ್ಟು ಛತ್ರದ ಗೋಡೆ ತಟ್ಟಿ ನೋಡುವ ಆಸಾಮಿ. ವಯಸ್ಸಾದ ಮೇಲೆ ಹೆಂಡತಿಯನ್ನು ಕರೆದುಕೊಂಡು ಸ್ಪೇನ್ ದೇಶದ ದಕ್ಷಿಣ ಸೀಮೆಗೆ ಪ್ರವಾಸ ಹೊರಟ. ಅಲ್ಲಿನ ಹಳೆಯ ಕಟ್ಟಡಗಳನ್ನು ಕಣ್ಣಾರೆ ನೋಡಬೇಕೆಂಬುದು ಅವನ ಬಹುದಿನದ ಆಸೆ.

ನೋಡಲು ಅಲ್ಲಿ ಏನು ಕಡಿಮೆ? ಲಾಳದಂತೆ ಬಾಗಿದ ಕಮಾನು, ಗೋಡೆಗೆ ಸೊಂಟದೆತ್ತರ ಹಚ್ಚಿದ ಬಣ್ಣದ ಬಿಲ್ಲೆ, ಕಿಟಕಿಗೆ ಮರದ ಜಾಲರಿ, ಅಂಗಳದ ನಡುವೆ ಸಣ್ಣ ಕಾಲುವೆ. ಒಂದನ್ನು ನೋಡಿ ಮುಗಿಸುವ ಮೊದಲೇ ಅವನು ಇನ್ನೊಂದಕ್ಕೆ ಓಡುತ್ತಿದ್ದ. ಹೆಂಡತಿಗೆ ಮಂಡಿನೋವು. ನಾಲ್ಕು ಹೆಜ್ಜೆ ಹಾಕಿದರೆ ಕೂರಬೇಕು. ‘ಇಲ್ಲೇ ಕೂತಿರು, ಈಗ ಬಂದೆ’ ಎಂದು ಅವನು ಅವಳನ್ನು ದಿನವೂ ಯಾವುದೋ ಚೌಕದ ಕಲ್ಲುಬೆಂಚಿನ ಮೇಲೆ ಕೂರಿಸಿ ಹೋಗುತ್ತಿದ್ದ. ಈಗ ಬಂದೆ ಎಂದವನು ಬರುವಾಗ ಹೊತ್ತು ಇಳಿದಿರುತ್ತಿತ್ತು. ಪಾಪ, ದೇಶ ನೋಡಲು ಬಂದವಳು ಬೆಂಚು ನೋಡಿದಳು.

ಒಂದು ಊರಿನಲ್ಲಿ ಬಹಳ ಹಳೆಯ ಪ್ರಾರ್ಥನಾ ಮಂದಿರವಿತ್ತು. ಒಳಗೆ ಎತ್ತ ನೋಡಿದರೂ ಕಂಬ. ಆ ದಿನ ಅವಳು, ನೀವು ಏನೇ ಅನ್ನಿ, ನಾನೂ ಬರುವವಳೇ ಎಂದು ಕೋಲೂರಿಕೊಂಡು ಹೊರಟಳು. ಅವನು ಗೊಣಗುತ್ತ ಜೊತೆಗೆ ನಡೆದ. ಬಾಗಿಲು ದಾಟಿದ್ದೇ ತಡ, ಅವಳು ಒಂದು ಕಂಬದ ಬುಡದಲ್ಲಿ ನೆಲದ ಮೇಲೆ ಕೂತುಬಿಟ್ಟಳು. ಅವನಿಗೆ ರೇಗಿತು. ಇವಳನ್ನು ಕಟ್ಟಿಕೊಂಡು ಏನು ನೋಡಿದ ಹಾಗಾಯಿತು, ನಾಳೆಯಿಂದ ಕೋಣೆಯಲ್ಲೇ ಬಿಟ್ಟು ಬರುವುದು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ.

ಕತ್ತೆತ್ತಿ ನೋಡಿದ. ಕೆಂಪುಬಿಳಿ ಪಟ್ಟೆಯ ಕಮಾನುಗಳು ದಾರ ಹಿಡಿದಂತೆ ಒಂದೇ ಮಟ್ಟಕ್ಕೆ ನಿಂತಿದ್ದವು. ಪಕ್ಕದಲ್ಲಿ ಒಬ್ಬ ಮಾರ್ಗದರ್ಶಿ ಯಾರಿಗೋ ವಿವರಿಸುತ್ತಿದ್ದ: ಈ ಕಂಬಗಳನ್ನು ಇಲ್ಲಿಗೆಂದು ಕಡೆದದ್ದಲ್ಲ, ಪಾಳುಬಿದ್ದ ಕಟ್ಟಡಗಳಿಂದ ತಂದದ್ದು, ಒಂದರ ಉದ್ದ ಇನ್ನೊಂದಕ್ಕಿಲ್ಲ. ಗುತ್ತಿಗೆದಾರನಿಗೆ ಸೋಜಿಗವಾಯಿತು. ಉದ್ದ ಬೇರೆಯಾದರೆ ಮಟ್ಟ ಹೇಗೆ ಕೂಡಿತು? ಕಮಾನು ನೋಡಿದ, ಕಂಬದ ತಲೆ ನೋಡಿದ, ಎಲ್ಲಿಯೂ ಗುಟ್ಟು ಸಿಗಲಿಲ್ಲ. ಉದ್ದದವನ್ನು ಕತ್ತರಿಸಿರಬೇಕು ಬಿಡು ಎಂದು ಗಟ್ಟಿಯಾಗಿಯೇ ಅಂದ. ಅವನಾಗಿದ್ದರೆ ಅದನ್ನೇ ಮಾಡುತ್ತಿದ್ದ.

“ರೀ, ಮೇಲೆ ಏನು ಹುಡುಕುತ್ತೀರಿ? ಇಲ್ಲಿ ಕೆಳಗೆ ನೋಡಿ,” ಎಂದಳು ಹೆಂಡತಿ. “ಈ ಗಿಡ್ಡ ಕಂಬಕ್ಕೆ ಪೀಠ ಕೊಟ್ಟಿದ್ದಾರೆ. ಆ ಉದ್ದದ್ದರ ಪಾದ ನೆಲದೊಳಗೆ ಇಳಿದಿದೆ.”

ಅವನು ಮಂಡಿಯೂರಿ ನೋಡಿದ. ಹೌದಲ್ಲ! ಊರೂರು ಸುತ್ತಿದವನಿಗೆ ಬುಡ ನೋಡಬೇಕೆಂದು ಹೊಳೆದಿರಲಿಲ್ಲ, ಕೂತವಳಿಗೆ ಕಂಡಿತು.

“ಅಯ್ಯೋ, ನಿನ್ನನ್ನು ಬೆಂಚಿನ ಮೇಲೆ ಬಿಟ್ಟು ನಾನು ಏನೇನು ಕಳೆದುಕೊಂಡೆನೋ!” ಎಂದು ಅವನೂ ಅವಳ ಪಕ್ಕದಲ್ಲೇ ಕೂತ. ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಉಳಿದ ದಿನಗಳಲ್ಲಿ ಇಬ್ಬರೂ ಅವಳ ಹೆಜ್ಜೆಗೇ ನಡೆದರು. ನೋಡಿದ ಕಟ್ಟಡ ಕಡಿಮೆಯಾಯಿತು. ಆದರೆ ಅವಳು ಒಂದು ದೊಡ್ಡ ಬಾಗಿಲ ಮುಂದೆ ದಣಿವಾರಿಸಿಕೊಳ್ಳುವಾಗ ಅದಕ್ಕೆ ಕದ ತಟ್ಟುವ ಕಬ್ಬಿಣದ ಬಳೆ ಎರಡಿರುವುದು ಅವನಿಗೆ ಕಂಡಿತು. ಕುದುರೆಯ ಮೇಲೆ ಬಂದವನಿಗೆ ಎತ್ತರದಲ್ಲೊಂದು, ನಡೆದು ಬಂದವನಿಗೆ ಕೆಳಗೊಂದು. ಅವಳಿಗೆ ತೋರಿಸಿದ. ಇಬ್ಬರೂ ಮಕ್ಕಳ ಹಾಗೆ ನಕ್ಕರು. ಊರಿಗೆ ಮರಳಿದ ಮೇಲೂ ಅವನು ಹೇಳಿಕೊಂಡು ತಿರುಗಿದ್ದು ಆ ಕೊನೆಯ ದಿನಗಳ ಸುದ್ದಿಯನ್ನೇ.

ಗುರುಗಳು ಕತೆ ನಿಲ್ಲಿಸಿದರು. ಷಡಕ್ಷರಿ ಅಷ್ಟಕ್ಕೆ ಬಿಡುವವನೇ?

“ಗಿಡ್ಡ ಕಂಬಕ್ಕೇನೋ ಪೀಠ ಸಿಕ್ಕಿತು, ಗುರುಗಳೇ. ನಷ್ಟವಾದದ್ದು ಉದ್ದದ್ದಕ್ಕೆ ತಾನೆ? ನೆಲದೊಳಗೆ ಹೋದ ಅದರ ಎತ್ತರವನ್ನು ಇನ್ನು ಯಾರು ನೋಡುತ್ತಾರೆ?”

ಅದಕ್ಕೆ ಗುರುಗಳು ಹೇಳಿದ್ದು ಒಂದೇ ಮಾತು. ಅದನ್ನು ಕೇಳಿ ಷಡಕ್ಷರಿಯ ಕಂಕುಳ ಗಂಟು ನೆಲಕ್ಕಿಳಿಯಿತು:

“ಪಾಳುಬಿದ್ದ ಜಾಗದಲ್ಲಿ ಅದು ಪೂರ್ತಿ ಎತ್ತರಕ್ಕೇ ನಿಂತಿತ್ತು ಮಗು, ಮೇಲೆ ಚಾವಣಿ ಮಾತ್ರ ಇರಲಿಲ್ಲ.”