ಎಂಬತ್ತು ಕಿಲೋ ಬೀಳಿಸುವ ಪಾಠ

ನದಿಯ ದಂಡೆಯಲ್ಲಿ ಒಂದು ತಗಡಿನ ಶೆಡ್ಡು. ಒಳಗೆ ಮರದ ಹಲಗೆ ಹಾಸಿದ ಎರಡು ಕಟ್ಟೆ, ನಾಲ್ಕು ಉಕ್ಕಿನ ಬಾರ್, ಗೋಡೆಗೆ ಒರಗಿಸಿದ ರಬ್ಬರ್ ಪ್ಲೇಟುಗಳು. ಅಲ್ಲಿ ದಾದಾಪೀರ್ ಉಸ್ತಾದರು ಭಾರ ಎತ್ತುವುದನ್ನು ಕಲಿಸುತ್ತಿದ್ದರು.

ಅವರ ಶಿಷ್ಯೆ ಕಸ್ತೂರಿ. ವಯಸ್ಸು ಹತ್ತೊಂಬತ್ತು. ಎಪ್ಪತ್ತೇಳು ಕಿಲೋ ಎತ್ತುತ್ತಿದ್ದಳು. ಎಂಬತ್ತು ಆಗುತ್ತಿರಲಿಲ್ಲ.

ಬಾರನ್ನು ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲಕ್ಕೆ ಒಯ್ಯುವುದಕ್ಕೆ ಸ್ನ್ಯಾಚ್ ಎನ್ನುತ್ತಾರೆ. ಭಾರ ಕಡಿಮೆಯಿದ್ದರೆ ಬಲದಿಂದಲೇ ಮೇಲೆ ಹೋಗುತ್ತದೆ. ಹೆಚ್ಚಾದರೆ ಎದೆಯ ಮಟ್ಟದಲ್ಲಿ ನಿಂತುಬಿಡುತ್ತದೆ. ಆಗ ಎತ್ತುವವರೇ ಅದರ ಕೆಳಗೆ ನುಗ್ಗಿ, ಕುಕ್ಕರಗಾಲಲ್ಲಿ ಕೂತು, ಕೈ ನೆಟ್ಟಗೆ ಮಾಡಿ ಹಿಡಿದು, ಎದ್ದು ನಿಲ್ಲಬೇಕು.

ಕಸ್ತೂರಿ ನುಗ್ಗುತ್ತಿರಲಿಲ್ಲ. ಎಂಬತ್ತು ಎದೆಯವರೆಗೆ ಬರುತ್ತಿತ್ತು. ಅಲ್ಲಿಂದ ಅದನ್ನು ಹಾಗೇ ಕೆಳಗಿಟ್ಟುಬಿಡುತ್ತಿದ್ದಳು.

ನಾಲ್ಕು ತಿಂಗಳಿಂದ ಇದೇ ಕಥೆ.

ಕಿರಿಯರ ರಾಜ್ಯ ತಂಡದ ಆಯ್ಕೆಗೆ ಇಪ್ಪತ್ತನಾಲ್ಕು ದಿನ ಉಳಿದಿತ್ತು. ಸ್ನ್ಯಾಚ್‌ನಲ್ಲಿ ಕನಿಷ್ಠ ಎಂಬತ್ತು ಬೇಕು. ಕಿರಿಯರ ವಿಭಾಗದಲ್ಲಿ ಅವಳಿಗೆ ಇದು ಕೊನೆಯ ವರ್ಷ. ಈ ಸಲ ತಂಡ ಸೇರದಿದ್ದರೆ ಆಟ ಬಿಡುತ್ತೇನೆಂದು ಮನೆಯಲ್ಲಿ ಮಾತು ಕೊಟ್ಟಿದ್ದಳು.

ಒಂದು ಬೆಳಿಗ್ಗೆ ಉಸ್ತಾದರ ಎದುರು ನಿಂತಳು.

"ನಂಗೆ ಬಲ ಸಾಲ್ತಿಲ್ಲ ಉಸ್ತಾದ್ರೇ."

ಉಸ್ತಾದರು ಬಾರಿಗೆ ತೊಂಬತ್ತು ಹಾಕಿಸಿದರು.

"ಬರೀ ಎಳಿ. ಮೇಲಕ್ಕೆ ಒಯ್ಯಬೇಡ."

ಎಳೆದಳು. ತೊಂಬತ್ತು ಎದೆಯ ಹತ್ತಿರ ಬಂತು.

"ತೊಂಬತ್ತು ಬರುತ್ತೆ. ಎಂಬತ್ತಕ್ಕೆ ಬಲ ಸಾಲಲ್ಲ ಅಂತೀಯಲ್ಲ."

"ಮತ್ತೇನು ಸಾಲ್ತಿಲ್ಲ?"

"ನಂಗೂ ಗೊತ್ತಿಲ್ಲ," ಎಂದರು ಉಸ್ತಾದರು. "ನೋಡ್ತೀನಿ."

ಮೂರು ದಿನ ನೋಡಿದರು. ಅವಳ ಪಾದ ನೋಡಿದರು, ಹಿಡಿತ ನೋಡಿದರು, ಬೆನ್ನು ನೋಡಿದರು. ಯಾವುದರಲ್ಲೂ ತಪ್ಪಿರಲಿಲ್ಲ.

ನಾಲ್ಕನೆಯ ದಿನ ಅವರು ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕಣ್ಣು ಮುಚ್ಚಿ ಕೂತರು.

"ಉಸ್ತಾದ್ರು ನಿದ್ದೆ ಹೊಡೀತಿದಾರೆ," ಎಂದ ವಾಗೀಶ. ಅವನೂ ಅಲ್ಲಿಯ ಶಿಷ್ಯ. ಬಾಯಿ ಸ್ವಲ್ಪ ಜೋರು. "ನಿನ್ನ ಎಂಬತ್ತಕ್ಕೆ ಕಾದು ಕಾದು ಸಾಕಾಯ್ತು ಅವರಿಗೆ."

"ನೀನು ನಿನ್ನ ನೂರು ನೋಡ್ಕೋ," ಎಂದಳು ಕಸ್ತೂರಿ.

ವಾಗೀಶ ಎತ್ತಿದ. ಬಾರನ್ನು ತಲೆಯ ಮೇಲಿಂದ ಬಿಟ್ಟ. ಧಡ್! ಶೆಡ್ಡು ಅದುರಿತು.

ಕಸ್ತೂರಿ ಎತ್ತಿದಳು. ಸದ್ದಿಲ್ಲ.

ವಾಗೀಶ. ಧಡ್!

ಕಸ್ತೂರಿ. ಸದ್ದಿಲ್ಲ.

ಉಸ್ತಾದರು ಕಣ್ಣು ತೆರೆದರು.

"ಬಾರನ್ನ ಇಳಿಸೋದು ಯಾರು ಕಲಿಸಿದ್ರು ನಿಂಗೆ?"

"ನಮ್ಮಜ್ಜ. ಅಜ್ಜನ ಗರಡೀಲಿ ಗುಂಡುಕಲ್ಲು ಎತ್ತಿ ಕಲಿತೆ."

"ಅಲ್ಲಿ ಕಲ್ಲು ಕೈ ಜಾರಿದ್ರೆ?"

"ಜಾರಬಾರದು. ಕಲ್ಲು ನೆಲಕ್ಕೆ ತಾಗಿದ ಸದ್ದು ಕೇಳಿದ್ರೆ ನೂರು ಬಸ್ಕಿ. ಆಮೇಲೆ ಕಲ್ಲಿಗೂ ನೆಲಕ್ಕೂ ಕೈಮುಗಿದು ತಪ್ಪಾಯ್ತು ಅನ್ನಬೇಕು."

"ಎಷ್ಟು ಸಲ ಬಸ್ಕಿ ಹೊಡೆದಿದೀಯಾ?"

ಕಸ್ತೂರಿ ತಲೆಯೆತ್ತಿ ಹೇಳಿದಳು. "ಒಂದು ಸಲವೂ ಇಲ್ಲ."

ಉಸ್ತಾದರು ಹಣೆ ಹಣೆ ಬಡಿದುಕೊಂಡರು.

"ಎರಡು ವರ್ಷದಿಂದ ನೋಡ್ತಿದೀನಿ. ಎಷ್ಟು ಶಿಸ್ತು ಈ ಹುಡುಗಿಗೆ ಅಂತ ನಾಲ್ಕು ಜನಕ್ಕೆ ಹೇಳ್ಕೊಂಡು ಬಂದೆ. ನನ್ನ ಕಿವಿಗೆ ಏನಾಗಿತ್ತೋ."

ಬಾರಿನಿಂದ ಪ್ಲೇಟು ತೆಗೆಸಿದರು. ನಲವತ್ತು ಉಳಿಯಿತು.

"ಎತ್ತು."

ಎತ್ತಿ ನಿಂತಳು.

"ಈಗ ಬಿಡು."

ಕಸ್ತೂರಿ ಬಾರನ್ನು ಭುಜಕ್ಕೆ ತಂದಳು.

"ಇಳಿಸು ಅಂದಿಲ್ಲ. ಬಿಡು ಅಂದೆ."

ಮತ್ತೆ ಎತ್ತಿದಳು. ಬೆರಳು ಸಡಿಲವಾಗಲಿಲ್ಲ. ನಲವತ್ತು ಕಿಲೋ ಹೊತ್ತು ಒಂದು ನಿಮಿಷ ನಿಂತಳು. ಬೆವರು ಮೂಗಿನ ತುದಿಯಿಂದ ಇಳಿಯಿತು.

"ಆಗ್ತಿಲ್ಲ ಉಸ್ತಾದ್ರೇ. ಕೈ ಕೇಳ್ತಿಲ್ಲ."

ವಾಗೀಶ ನಕ್ಕ. "ಬೀಳಿಸೋಕೂ ಬರಲ್ವಾ? ಅದಕ್ಕೂ ಕೋಚಿಂಗಾ?"

"ಹೌದು," ಎಂದರು ಉಸ್ತಾದರು. "ಹಳೇ ಬಾರ್ ತಗೊಂಡು ಇಬ್ರೂ ನನ್ನ ಹಿಂದೆ ಬನ್ನಿ."

ನದಿಯ ನೀರು ಹಿಂದೆ ಸರಿದು ಮರಳು ಬಯಲಾಗಿತ್ತು. ಅದರ ಮೇಲೆ ಬಾರ್ ಇರಿಸಿದರು.

"ಇಲ್ಲಿ ಸದ್ದು ಬರಲ್ಲ. ಇಲ್ಲಿಂದ ಶುರು ಮಾಡೋಣ."

ಮೊದಲು ಉಸ್ತಾದರೇ ಮಾಡಿ ತೋರಿಸಿದರು. ವಯಸ್ಸು ಅರವತ್ತೆಂಟು. ಖಾಲಿ ಬಾರ್ ಎತ್ತಿ ಕುಕ್ಕರಗಾಲಲ್ಲಿ ಕೂತರು. ಬಾರನ್ನು ಹಿಂದಕ್ಕೆ ಬಿಟ್ಟು ತಾವು ಮುಂದಕ್ಕೆ ಜಿಗಿದರು. ಇನ್ನೊಮ್ಮೆ ಕೂತು, ಮುಂದಕ್ಕೆ ತಳ್ಳಿ ಹಿಂದಕ್ಕೆ ಜಿಗಿದರು. ಎರಡನೆಯ ಸಲ ಮರಳಿನಲ್ಲಿ ಕುಂಡಿಯೂರಿ ಬಿದ್ದರು. ಹಾಗೇ ಕೂತು ನಕ್ಕರು.

"ನೋಡ್ದಾ? ಬಾರ್ ಒಂದು ಕಡೆ, ನೀನು ಇನ್ನೊಂದು ಕಡೆ. ಇಷ್ಟೇ."

ಕಸ್ತೂರಿ ನಲವತ್ತು ಎತ್ತಿದಳು. ಕಣ್ಣು ಮುಚ್ಚಿದಳು. ಬಿಟ್ಟಳು.

ಪುಸ್ ಎಂದು ಮರಳು ಹಾರಿತು.

ಅವಳ ಕೈ ತಾನಾಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಿತು.

"ನಮಸ್ಕಾರ ಮಾಡು, ಬೇಡ ಅನ್ನಲ್ಲ," ಎಂದರು ಉಸ್ತಾದರು. "ತಪ್ಪಾಯ್ತು ಅಂತ ಮಾತ್ರ ಅನ್ನಬೇಡ."

ಆ ದಿನ ಮೂವತ್ತು ಸಲ ಬಿಟ್ಟಳು. ಮರಳಿನಲ್ಲಿ ಎರಡು ಗುಂಡಿ ಬಿದ್ದವು. ಅತ್ತ ಬಂದ ಅಂಬಿಗನೊಬ್ಬ ನಿಂತು ನೋಡಿದ.

"ಏನ್ ಉಸ್ತಾದ್ರೇ, ನದಿ ಪಕ್ಕದಲ್ಲೇ ಬಾವಿ ತೋಡಿಸ್ತಿದೀರಾ?"

"ನೀರು ಸಿಕ್ರೆ ಹೇಳಿ ಕಳಿಸ್ತೀನಿ," ಎಂದರು ಉಸ್ತಾದರು.

ಐದನೆಯ ದಿನಕ್ಕೆ ಮರಳಿನ ಮೇಲೆ ಅರವತ್ತು ಬಿಡುತ್ತಿದ್ದಳು. ಕಣ್ಣು ತೆರೆದೇ ಬಿಡುತ್ತಿದ್ದಳು.

ಆರನೆಯ ದಿನ ಶೆಡ್ಡಿಗೆ ಮರಳಿದರು.

"ಇವತ್ತು ಹಲಗೆ ಮೇಲೆ. ಸದ್ದು ಎಷ್ಟು ಬರಬೇಕು ಅಂದ್ರೆ, ಮನೇಲಿ ನನ್ನ ಹೆಂಡತಿಗೆ ಕೇಳಿಸಬೇಕು."

ಮೊದಲನೆಯದು ಮೆಲ್ಲಗೆ ಬಿತ್ತು. ಅವಳು ಮೊಣಕಾಲವರೆಗೆ ಬಾರಿನ ಜೊತೆಗೇ ಬಂದಿದ್ದಳು.

"ಕೇಳಿಸಲಿಲ್ಲ."

ಎರಡನೆಯದು. "ಕೇಳಿಸಲಿಲ್ಲ."

ಏಳನೆಯದನ್ನು ಕಸ್ತೂರಿ ಸಿಟ್ಟಿನಿಂದ ಬಿಟ್ಟಳು. ಧಡ್! ಗೋಡೆಗೆ ಒರಗಿಸಿದ್ದ ಪ್ಲೇಟೊಂದು ಉರುಳಿ ಬಾಗಿಲಿನಾಚೆ ಹೋಯಿತು.

ಆಚೆಯಿಂದ ಉಸ್ತಾದರ ಹೆಂಡತಿಯ ದನಿ ಬಂತು. "ಏನ್ರೀ ಅದು? ಶೆಡ್ಡು ಬಿತ್ತಾ?"

"ಇಲ್ಲ ಕಣೇ," ಎಂದು ಕೂಗಿದರು ಉಸ್ತಾದರು. "ಗರಡಿಯೊಂದು ಬಿತ್ತು."

ಕಸ್ತೂರಿ ಮುಖ ಗಂಟಿಕ್ಕಿದಳು. "ನಮ್ಮಜ್ಜನ ಗರಡಿಗೆ ಏನೂ ಅನ್ನಬೇಡಿ."

ಉಸ್ತಾದರು ತಕ್ಷಣ ಕಿವಿ ಹಿಡಿದುಕೊಂಡರು.

"ಸರಿ, ಅನ್ನಲ್ಲ. ನಿಮ್ಮಜ್ಜ ಕಲಿಸಿದ್ದು ಸರಿಯಾಗೇ ಇದೆ, ಬೇಟಾ. ಆ ಕಲ್ಲು ಎದೆ ದಾಟಿ ಮೇಲೆ ಹೋಗ್ತಿರಲಿಲ್ಲ. ಅದರ ಕೆಳಗೆ ನೀನು ಹೋಗಬೇಕಾಗಿರಲಿಲ್ಲ. ಇದರ ಕೆಳಗೆ ಹೋಗಬೇಕು. ಹೊರಗೆ ಬರೋ ದಾರಿ ಕಾಣದೆ ನಿನ್ನ ಮೈ ಒಳಗೆ ಹೋಗ್ತಿಲ್ಲ. ಹೋಗದೇ ಇರೋದೇ ಬುದ್ಧಿವಂತಿಕೆ."

ಅವಳು ಆಚೆ ಹೋಗಿ ಉರುಳಿದ್ದ ಪ್ಲೇಟನ್ನು ಎತ್ತಿ ತಂದಳು.

ಮರುದಿನ ಉಸ್ತಾದರು ಎಂಬತ್ತು ಹಾಕಿಸಿದರು.

"ಇದನ್ನ ಐವತ್ತು ಸಲ ಬೀಳಿಸು. ದಿನಕ್ಕೆ ಐದು. ಎಳಿ, ಕೆಳಗೆ ನುಗ್ಗು, ಹಿಂದಕ್ಕೆ ಬಿಡು, ಮುಂದಕ್ಕೆ ಜಿಗಿ. ಎತ್ತೋ ಹಾಗಿಲ್ಲ."

"ಎತ್ತಬಾರದಾ?"

"ಎತ್ತಿದ್ರೆ ಲೆಕ್ಕಕ್ಕಿಲ್ಲ."

"ಆಯ್ಕೆಗೆ ಹದಿನಾಲ್ಕು ದಿನ ಇದೆ ಉಸ್ತಾದ್ರೇ. ನಾನು ಬೀಳಿಸೋದನ್ನ ಕಲೀತಾ ಕೂತ್ರೆ..."

"ನಾಲ್ಕು ತಿಂಗಳು ಎತ್ತೋದನ್ನ ಕಲಿಸಿದೆ. ಏನಾಯ್ತು?"

ಕಸ್ತೂರಿ ಬಾರಿನ ಎದುರು ನಿಂತಳು. ಎಳೆದಳು. ಎಂಬತ್ತು ಎದೆಗೆ ಬಂತು. ಕಾಲು ಕಲ್ಲಾಯಿತು. ಬಾರ್ ಮುಂದಕ್ಕೆ ಬಿತ್ತು.

"ಇದು ಲೆಕ್ಕಕ್ಕಿಲ್ಲ. ಬಿದ್ದಿದ್ದು ಬೇರೆ, ಬೀಳಿಸಿದ್ದು ಬೇರೆ. ಕೆಳಗೆ ಹೋಗು, ಆಮೇಲೆ ಬೀಳಿಸು."

ಮತ್ತೆ ಎಳೆದಳು. ಈ ಸಲ ಮೊಣಕಾಲು ಮಡಚಿಕೊಂಡಿತು. ಬಾರ್ ಹಣೆಯ ಮೇಲಿನಿಂದ ಹಾದು ಹಿಂದಕ್ಕೆ ಹೋಯಿತು. ಧಡ್! ಅವಳು ಮುಂದೆ ಜಿಗಿದು ನಾಲ್ಕು ಕಾಲಲ್ಲಿ ನಿಂತಿದ್ದಳು. ಮೈಮೇಲೆ ಒಂದು ಗೀರೂ ಇರಲಿಲ್ಲ.

ತಿರುಗಿ ಬಾರನ್ನು ನೋಡಿದಳು. ಅದು ಹಲಗೆಯ ಮೇಲೆ ಸುಮ್ಮನೆ ಉರುಳುತ್ತಿತ್ತು.

"ಒಂದು," ಎಂದರು ಉಸ್ತಾದರು.

ಎರಡನೆಯ ದಿನ ಒಂಬತ್ತಾಯಿತು. ನಾಲ್ಕನೆಯ ದಿನ ಅವಳು ಬಾರಿಗಿಂತ ಮೊದಲೇ ಕೆಳಗಿರುತ್ತಿದ್ದಳು. ಐದನೆಯ ದಿನ ವಾಗೀಶ ತನ್ನ ಅಭ್ಯಾಸ ಬಿಟ್ಟು ನೋಡುತ್ತ ನಿಂತ.

ಏಳನೆಯ ದಿನ, ಮೂವತ್ನಾಲ್ಕನೆಯ ಸಲ.

ಎಳೆದಳು. ನುಗ್ಗಿದಳು. ಕೈ ನೆಟ್ಟಗಾಯಿತು. ಬಿಡಬೇಕಿತ್ತು. ಬಾರ್ ತಲೆಯ ಮೇಲೆ ಅಲುಗದೆ ನಿಂತಿತ್ತು. ಕಾಲು ತಾನಾಗಿ ಎದ್ದಿತು.

ಕಸ್ತೂರಿ ಎಂಬತ್ತನ್ನು ಹೊತ್ತು ನಿಂತು ಗಾಬರಿಯಿಂದ ಉಸ್ತಾದರ ಕಡೆ ನೋಡಿದಳು.

"ತಪ್ಪಾಯ್ತು ಉಸ್ತಾದ್ರೇ! ನಿಂತುಬಿಡ್ತು!"

ವಾಗೀಶ ಶಿಳ್ಳೆ ಹೊಡೆದ.

"ಲೆಕ್ಕಕ್ಕಿಲ್ಲ," ಎಂದರು ಉಸ್ತಾದರು. ಅವರ ಗಡ್ಡ ನಡುಗುತ್ತಿತ್ತು. "ಇನ್ನೂ ಮೂವತ್ಮೂರೇ. ಮುಂದುವರಿಸು."

ಆಯ್ಕೆಯ ದಿನ ಬಂತು. ದೊಡ್ಡ ಸಭಾಂಗಣ, ಹೊಸ ಹಲಗೆ, ಮೂವರು ತೀರ್ಪುಗಾರರು. ಒಬ್ಬೊಬ್ಬರಿಗೂ ಮೂರು ಅವಕಾಶ.

ಪಟ್ಟಿ ಬರೆಯುವ ಅಧಿಕಾರಿ ಉಸ್ತಾದರಿಗೆ ಹಳೆಯ ಪರಿಚಯ.

"ನಿಮ್ಮ ಹುಡುಗಿಗೆ ಮೊದಲು ಎಷ್ಟು ಬರ್ಕೊಳ್ಳಲಿ? ಎಪ್ಪತ್ತೈದು?"

ಉಸ್ತಾದರು ಕಸ್ತೂರಿಯ ಕಡೆ ನೋಡಿದರು.

"ಎಂಬತ್ತು," ಎಂದಳು ಅವಳು.

"ಮೊದಲನೇದಕ್ಕೇ? ತಪ್ಪಿದ್ರೆ ಕಷ್ಟ ಆಗುತ್ತಮ್ಮ."

"ಬರ್ಕೊಳ್ಳಿ ಸಾರ್."

ಹೆಸರು ಕೂಗಿದರು. ಕಸ್ತೂರಿ ಹಲಗೆ ಏರಿದಳು. ಎಳೆದಳು, ನುಗ್ಗಿದಳು. ಬಾರ್ ತಲೆ ದಾಟಿ ಹಿಂದಕ್ಕೆ ವಾಲಿತು. ಬಿಟ್ಟಳು. ಸಭಾಂಗಣವೆಲ್ಲ ಧಡ್ ಎಂದಿತು. ಮೂರು ಕೆಂಪು ದೀಪ.

ವಾಗೀಶ ತಲೆ ಮೇಲೆ ಕೈಹೊತ್ತು ಕೂತ.

ಕಸ್ತೂರಿ ನಗುತ್ತ ಕೆಳಗಿಳಿದಳು.

"ನಗ್ತಿದೀಯಲ್ಲೇ!" ಎಂದ ವಾಗೀಶ.

"ಹಿಂದಕ್ಕೆ ಹೋಯ್ತು," ಎಂದಳು ಉಸ್ತಾದರಿಗೆ. "ಜಾಸ್ತಿ ಎಳೆದುಬಿಟ್ಟೆ. ಇನ್ನೂ ನಾಲ್ಕು ಕಿಲೋ ಇದ್ರೂ ಬರ್ತಿತ್ತು."

ಈ ಹಿಂದೆ ಎಂದೂ, ಯಾಕೆ ತಪ್ಪಿತೆಂದು ಅವಳು ಹೇಳಿರಲಿಲ್ಲ. ಕೆಳಗೆ ಹೋಗಿ ನೋಡಿದವರಿಗಷ್ಟೇ ಅದು ಗೊತ್ತಾಗುತ್ತದೆ.

"ಎಷ್ಟು ಹಾಕಿಸಲಿ?" ಉಸ್ತಾದರು ಕೇಳಿದರು.

"ಅದೇ ಎಂಬತ್ತು. ಮೊದಲು ಇದನ್ನ ಮುಗಿಸ್ತೀನಿ."

ಎರಡನೆಯ ಸಲ ಹೆಸರು ಕೂಗಿದರು.

ಬಾಗಿದಳು. ಬಾರ್ ನೆಲ ಬಿಟ್ಟಿತು, ಮೊಣಕಾಲು ದಾಟಿತು, ತೊಡೆಗೆ ತಾಗಿತು, ಎದೆಗೆ ಬಂತು. ನಾಲ್ಕು ತಿಂಗಳು ಅವಳು ನಿಲ್ಲುತ್ತಿದ್ದ ಜಾಗ.

ಅವಳು ಅಲ್ಲಿರಲಿಲ್ಲ. ಆಗಲೇ ಕೆಳಗಿದ್ದಳು. ಕೈ ನೆಟ್ಟಗೆ, ಬೆನ್ನು ನೆಟ್ಟಗೆ, ಕಣ್ಣು ತೀರ್ಪುಗಾರರ ಮೇಲೆ.

ಎದ್ದು ನಿಂತಳು.

ಮೂರು ಬಿಳಿ ದೀಪ.

ವಾಗೀಶ ಯಾರದೋ ಕುರ್ಚಿಯ ಮೇಲೆ ಹತ್ತಿ ಕುಣಿದ. ಹಿಂದಿನ ಸಾಲಿನವರು ಬೈದರು. ಕಸ್ತೂರಿ ಓಡಿ ಬಂದು ಉಸ್ತಾದರ ಕಾಲು ಮುಟ್ಟಿದಳು. ಅವರು ಎರಡೂ ಕೈಯಲ್ಲಿ ಅವಳನ್ನು ಎಬ್ಬಿಸಿದರು.

ಅಧಿಕಾರಿ ಪೆನ್ನು ಹಿಡಿದು ಬಂದರು.

"ತಂಡ ಸೇರಿದ ಹಾಗೇ ಆಯ್ತಲ್ಲಮ್ಮ. ಮೂರನೇದು ಬಿಟ್ಬಿಡ್ತೀಯಾ?"

"ಇಲ್ಲ ಸಾರ್. ಎಂಬತ್ನಾಲ್ಕು ಹಾಕಿಸಿ," ಎಂದು ಹೇಳಿ ಕಸ್ತೂರಿ ಕೈಗೆ ಬಿಳಿ ಪುಡಿ ಸವರಿಕೊಳ್ಳಲು ಹೋದಳು.

ಅಧಿಕಾರಿ ದನಿ ತಗ್ಗಿಸಿದರು. "ಎಂಬತ್ನಾಲ್ಕು ಯಾವತ್ತಾದ್ರೂ ಎತ್ತಿದಾಳಾ?"

"ಇಲ್ಲ."

"ಎತ್ತುತ್ತಾಳೆ ಅನ್ನೋ ಧೈರ್ಯ ಇದೆಯಾ ನಿಮಗೆ?"

"ಅದು ನಂಗೆ ಗೊತ್ತಿಲ್ಲ ಸಾರ್," ಎಂದರು ಉಸ್ತಾದರು. "ಬೀಳಿಸೋಕೆ ಮಾತ್ರ ಚೆನ್ನಾಗಿ ಬರುತ್ತೆ."