ತೊಳೆದ ಒರಳು

ಕಥೆ ಬೇಕಾ? ಹಾಗಾದ್ರೆ ಹತ್ತಿರ ಬನ್ನಿ. ಮಧ್ಯೆ ಮಧ್ಯೆ ಯಾರಾದ್ರೂ ಒಬ್ರು "ಹೂಂ" ಅಂತಿರಬೇಕು. ತೂಕಡಿಸೋರಿಗೆ ಈ ಕಥೆ ಇಲ್ಲ.

ಕಗ್ಗಲಿಪುರ ಅಂತ ಒಂದು ರಾಜ್ಯ. ಆ ರಾಜ್ಯದಲ್ಲಿ ಹೊಂಬಾಳಮ್ಮ ಅಂತ ಒಬ್ಬಳಿದ್ದಳು. ಕುಂಬಾರಗೇರಿಯ ಕೊನೇ ಮನೆ ಅವಳದು. ಗಟ್ಟಿ ಆಳು, ಗಟ್ಟಿ ಬಾಯಿ. ಊರಿಗೆ ಊರೇ ಅವಳ ಸಾರಿನ ಪುಡಿ ಅಂದ್ರೆ ಪ್ರಾಣ ಬಿಡೋದು. ಅದು ಅವಳಿಗೂ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ನಟಿಸೋಕೆ ಅವಳಿಗೆ ಬರ್ತಿರಲಿಲ್ಲ. "ನನ್ನ ಪುಡಿ ಹಾಕಿದ ಸಾರಿಗೆ ಎರಡನೇ ಸಲ ಅನ್ನ ಬಡಿಸಿಕೊಳ್ಳದವರು ಈ ಊರಲ್ಲಿ ಯಾರಿದ್ದಾರೆ, ತೋರಿಸಿ" ಅಂತ ಬೀದಿಯಲ್ಲಿ ನಿಂತು ಕೇಳ್ತಿದ್ದಳು. ಯಾರೂ ತೋರಿಸ್ತಿರಲಿಲ್ಲ.

ಜಂಬ ಅಂತೀರಾ? ಜಂಬವೇ. ಅವಳು ಪುಡಿ ಮಾಡೋದು ನೋಡಿದ್ದಿದ್ರೆ ನೀವೂ ಒಪ್ಪಿಕೊಳ್ತಿದ್ರಿ. ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಸಾಸಿವೆ, ಕಾಳುಮೆಣಸು ಎಲ್ಲ ಆರಿಸಿ, ಮೊರದಲ್ಲಿ ಕೇರಿ, ಚಾಪೆ ಮೇಲೆ ಹರವಿ ಬಿಸಿಲು ತೋರಿಸೋಳು. ಆಮೇಲೆ ಸಣ್ಣ ಉರಿಯಲ್ಲಿ ಒಂದೊಂದನ್ನೇ ಬೇರೆ ಬೇರೆ ಹುರಿಯೋಳು. ಎಲ್ಲ ಒಟ್ಟಿಗೆ ಬಾಣಲೆಗೆ ಸುರಿದ್ರೆ ಒಂದು ಹಸಿ ಉಳಿಯುತ್ತೆ, ಇನ್ನೊಂದು ಸೀದು ಕಹಿಯಾಗುತ್ತೆ. ಮೆಂತ್ಯ ಕೆಂಪಗಾಗಬೇಕು, ಸಾಸಿವೆ ಚಟಪಟ ಅನ್ನಬೇಕು, ಕರಿಬೇವು ಮುಟ್ಟಿದ್ರೆ ಮುರೀಬೇಕು. ಕೊನೆಗೆ ಕೆಂಪು ಮೆಣಸಿನಕಾಯಿ, ಒಂದು ತೊಟ್ಟು ಹರಳೆಣ್ಣೆ ಹಾಕಿ. ಆದ್ರೂ ಘಾಟು ಬಿಡುತ್ಯೇ? ಇಡೀ ಕೇರಿ ಕೆಮ್ಮೋದು. ಕೆಮ್ಮುತ್ತಲೇ "ಹೊಂಬಾಳಮ್ಮ ಹುರೀತಿದ್ದಾಳೆ" ಅಂತ ಹಿಗ್ಗೋದು. ಆಮೇಲೆ ಅಂಗಳದ ಕಲ್ಲೊರಳಲ್ಲಿ ಒನಕೆ ಹಿಡಿದು ಕುಟ್ಟಿದಳು ಅಂದ್ರೆ ಮುಗೀತು.

ಅದನ್ನ ಅವಳು ಮಾರ್ತಿರಲಿಲ್ಲ. ಬಾಣಂತಿ ಮನೆಗೆ ಒಂದು ಬಟ್ಟಲು, ಜ್ವರ ಬಂದು ಬಾಯಿ ಕೆಟ್ಟವರಿಗೆ ಒಂದು ಬಟ್ಟಲು, ಹೊಸದಾಗಿ ಒಲೆ ಹೂಡಿದ ಮದುಮಗಳಿಗೆ ಒಂದು ಬಟ್ಟಲು. ಊಟಕ್ಕೆ ಬಂದೋರು ಇದು ಯಾರ ಕೈಯ ಪುಡಿ ಅಂತ ಕೇಳಬೇಕು, ಮನೆಯವರು ಹೊಂಬಾಳಮ್ಮಂದು ಅನ್ನಬೇಕು. ಅವಳಿಗೆ ಅಷ್ಟು ಸಾಕಾಗಿತ್ತು.

ಒಂದು ದಿನ ಆ ರಾಜ್ಯದ ದೊರೆ ಚಿಕ್ಕಭೂಪಾಲ ಕುದುರೆ ಮೇಲೆ ಆ ಕೇರಿಯಲ್ಲಿ ಹಾದುಹೋಗ್ತಿದ್ದ. ಸಾರಿನ ಘಮ ಮೂಗಿಗೆ ಬಡೀತು. ಬಾಯಲ್ಲಿ ನೀರೂರಿತು. ಆದ್ರೆ ದೊರೆ ಅಂದಮೇಲೆ ಯಾರದೋ ಮನೆ ಬಾಗಿಲಲ್ಲಿ ತಟ್ಟೆ ಹಿಡಿದು ನಿಲ್ಲೋಕಾಗುತ್ಯೇ? ಅರಮನೆಗೆ ಹೋಗಿ ಅಡಿಗೆಮನೆ ಪಾರುಪತ್ಯಗಾರ ಭುಜಂಗಯ್ಯನನ್ನ ಕರೆಸಿ, ನಾಳೆ ನನ್ನ ಎಲೆಗೆ ಅಂಥದೇ ಸಾರು ಬೀಳಬೇಕು ಅಂದ.

ಈ ಭುಜಂಗಯ್ಯ ಅಡಿಗೆಮನೆಗೆ ಯಜಮಾನ ಅಷ್ಟೇ. ಸೌಟು ಹಿಡಿದವನಲ್ಲ, ಒನಕೆ ಮುಟ್ಟಿದವನಲ್ಲ. ಪಂಚೆಗೆ ಒಂದು ಮಸಿ ಚುಕ್ಕೆ ತಾಗದ ಹಾಗೆ ಬದುಕಿದವನು. ಕುಂಬಾರಗೇರಿಗೆ ಹೋಗಿ "ತಾಯಿ, ತಾಯಿ" ಅಂತ ಹೊಂಬಾಳಮ್ಮನಿಗೆ ಬೆಣ್ಣೆ ಹಚ್ಚಿದ. ಅವಳು ಹಿಗ್ಗಿ ಒಂದು ಭರಣಿ ತುಂಬ ಪುಡಿ ಕೊಟ್ಟಳು. ಅದಕ್ಕೆ ಏನೇನು ಬೀಳುತ್ತೆ, ಹ್ಯಾಗೆ ಹುರೀಬೇಕು, ಎಲ್ಲ ಅವನು ಕೇಳಿದ, ಇವಳು ಹೇಳಿದಳು. ದೊರೆ ಕೇಳಿದಾಗ ನನ್ನ ಹೆಸರು ಹೇಳಿಬಿಡಿ ಅಂದಳು, ಅಷ್ಟೇ.

ದೊರೆ ಉಂಡ. ಕೈ ನೆಕ್ಕಿದ. ಪುಡಿ ಯಾರು ಮಾಡಿದ್ದು ಅಂತ ಕೇಳಿದ. ಭುಜಂಗಯ್ಯ ಎದೆಯುಬ್ಬಿಸಿ ನಾನೇ ಅಂದ. ದೊರೆ ಅವನಿಗೆ ಶಾಲು ಹೊದಿಸಿದ.

ಪುಡಿ ಮುಗೀತು. ಭುಜಂಗಯ್ಯ ಮತ್ತೆ ಹೋದ, ಮತ್ತೆ ತಂದ. ದೊರೆ ಉಂಡು ಅವನ ಕೈಗೆ ಚಿನ್ನದ ಕಡಗ ತೊಡಿಸಿದ.

ಆ ಪುಡಿಯೂ ಮುಗೀತು. ಮೂರನೇ ಸಲ ಹೋದ. ಅಷ್ಟು ಹೊತ್ತಿಗೆ ಅರಮನೆಗೆ ಸೊಪ್ಪು ಕೊಡೋ ದ್ಯಾವಮ್ಮ ಎಲ್ಲ ಸುದ್ದಿ ತಂದು ಹೊಂಬಾಳಮ್ಮನ ಕಿವಿಗೆ ಹಾಕಿದ್ದಳು. ಕಡಗ ಬೇರೆ ಕಣ್ಣೆದುರಿಗೇ ಥಳಥಳ ಅಂತಿತ್ತು.

"ನನ್ನ ಹೆಸರು ಹೇಳಿದ್ರಾ ಅಯ್ಯನೋರೇ?" ಅಂದಳು.

"ಅರಮನೆಯಲ್ಲಿ ಕೇರಿ ಹೆಂಗಸರ ಹೆಸರು ಯಾರು ಹೇಳ್ತಾರಮ್ಮ?" ಅಂದ ಅವನು.

ಹೊಂಬಾಳಮ್ಮ ಹೊಸ್ತಿಲ ಒಳಗೆ ಹೋದಳು. "ಹಾಗಾದ್ರೆ ಕೇರಿ ಹೆಂಗಸಿನ ಪುಡಿಯೂ ಅರಮನೆಗೆ ಬರೋದಿಲ್ಲ" ಅಂತ ಬಾಗಿಲು ಹಾಕಿಕೊಂಡಳು.

ಭುಜಂಗಯ್ಯ ಬರಿಗೈಲಿ ವಾಪಸ್ ಬಂದ. ದೊರೆ ಸಾರು ಕೇಳಿದ್ರೆ ಏನು ಮಾಡೋದು? ಕೆಟ್ಟ ಬುದ್ಧಿಗೆ ಕೆಟ್ಟ ದಾರಿ ಬೇಗ ಸಿಗುತ್ತೆ ನೋಡಿ. ಮಾರನೇ ದಿನ ಹೊಂಬಾಳಮ್ಮ ಕುಟ್ಟಿದ ಪುಡೀನ ಭರಣಿಗೆ ತುಂಬಿ ಬೆವರು ಒರೆಸಿಕೊಳ್ತಿದ್ದಳು, ಭಟರು ಬಂದು ನುಗ್ಗಿದರು. ಭರಣಿ ಎತ್ತಿಕೊಂಡರು, ಅವಳನ್ನೂ ಎಳಕೊಂಡು ಹೋದರು. ಭುಜಂಗಯ್ಯ ದೂರು ಕೊಟ್ಟಿದ್ದ. ಪಾರುಪತ್ಯಗಾರರು ಬೆಳಿಗ್ಗೆ ತಾವೇ ಕುಟ್ಟಿಟ್ಟ ಪುಡೀನ ಇವಳು ಅರಮನೆಯಿಂದ ಕದ್ದಳಂತೆ. ಕಳ್ಳತನ ರುಜುವಾತಾದ್ರೆ ಗಡೀಪಾರು.

ಗಡಿ ದಾಟೋದಕ್ಕೆ ಅವಳು ಹೆದರಲಿಲ್ಲ. ಆದ್ರೆ ಊರ ಮನೆಮನೆಯಲ್ಲಿ ಇರೋ ತನ್ನ ಬಟ್ಟಲು ಪುಡೀನೆಲ್ಲ ಇನ್ನುಮೇಲೆ ಜನ ಕದ್ದ ಪುಡಿ ಅಂತಾರಲ್ಲ, ಅದನ್ನ ನೆನೆದೇ ಅವಳ ಕಣ್ಣಲ್ಲಿ ನೀರು ಬಂತು. ಜನ್ಮದಲ್ಲಿ ಅತ್ತವಳಲ್ಲ.

ದೊರೆ ಸಭೆ ಕೂಡಿಸಿದ. ಕೇರಿಯವರು ಬಂದು, ಒನಕೆ ಸದ್ದು ನಾವೇ ಕೇಳಿದ್ದೀವಿ ಬುದ್ಧಿ ಅಂದರು. ನಿಮ್ಮವಳ ಪರವಾಗಿ ನೀವು ಹೇಳೇ ಹೇಳ್ತೀರಿ ಅಂತ ದೊರೆ ಅವರನ್ನ ಸುಮ್ಮನಿರಿಸಿದ. ಮೊದಲು ವಾಸನೆ ನೋಡಿಸಿದ. ಅಡಿಗೆಮನೆಯ ಹಳೇ ಭರಣಿ ತಳಕ್ಕೆ ಹತ್ತಿದ್ದ ಚೂರು ಪುಡಿ, ಈ ಭರಣಿಯ ಪುಡಿ, ಎರಡೂ ಒಂದೇ. ಒಂದೇ ಕೈಯದು, ಒಂದೇ ಇರದೆ ಇನ್ನೇನು? ಯಾರ ಕೈ ಅನ್ನೋದು ಮಾತ್ರ ತಿಳೀಲಿಲ್ಲ.

ಎರಡನೇದಾಗಿ, ಏನೇನು ಹಾಕಿದ್ದೀರಿ ಹೇಳಿ ಅಂದ. ಭುಜಂಗಯ್ಯ ಪಟಪಟ ಅಂತ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದ. ಬೇರೆ ಬೇರೆ ಹುರಿಯೋದು, ಹರಳೆಣ್ಣೆ ತೊಟ್ಟು, ಒಂದನ್ನೂ ಬಿಡಲಿಲ್ಲ. ಹೊಂಬಾಳಮ್ಮ ಹೇಳಿದ್ದೂ ಅದೇ. ಸಭೆಯವರು ಗುಸುಗುಸು ಅಂದರು. ಪಾಪ, ಅವಳು ಕೊಟ್ಟ ವಿದ್ಯೆ ಅವಳ ಕುತ್ತಿಗೆಗೇ ಬಂತು.

"ಇನ್ನೇನಾದ್ರೂ ಸಾಕ್ಷಿ ಇದ್ಯೇನಮ್ಮ?" ಅಂತ ದೊರೆ ಕೇಳಿದ.

ಹೊಂಬಾಳಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು ತಲೆ ಎತ್ತಿದಳು. "ಇವರು ಬೆಳಿಗ್ಗೆ ಕುಟ್ಟಿದ ಒರಳು ತೋರಿಸಲಿ ಬುದ್ಧಿ."

ಭುಜಂಗಯ್ಯ ನಕ್ಕ. ಅವನು ಅದಕ್ಕೂ ತಯಾರಾಗಿದ್ದ. ದೊರೆ ನೋಡೋಕೆ ಬಂದ್ರೂ ಬರಬಹುದು ಅಂತ ಆಳುಗಳ ಕೈಲಿ ಅರಮನೆ ಒರಳನ್ನ ಬೂದಿ, ಹುಣಸೆಹಣ್ಣು ಹಾಕಿ ಉಜ್ಜಿಸಿಟ್ಟಿದ್ದ. ಎಲ್ಲರೂ ಅಡಿಗೆಮನೆಗೆ ಹೋದರು. ಒರಳು ಫಳಫಳ ಅಂತಿತ್ತು.

"ಪುಡಿ ತೆಗೆದ ಕೂಡಲೇ ಮೂರು ನೀರಲ್ಲಿ ತೊಳೆಸಿದೆ ಮಹಾಸ್ವಾಮಿ. ನಮ್ಮ ಅಡಿಗೆಮನೆ ಅಂದ್ರೆ ಅಷ್ಟು ಶುದ್ಧ" ಅಂದ.

ಹೊಂಬಾಳಮ್ಮ ಕೇಳಿದಳು, "ಅನ್ನ ಹಾಕಲಿಲ್ವಾ?"

"ಯಾವ ಅನ್ನ?" ಅಂದ ಭುಜಂಗಯ್ಯ.

ಪಾತ್ರೆ ತಿಕ್ಕೋ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ಕಿಸಕ್ ಅಂದರು. ಭಟರೂ ಮುಖ ಮುಖ ನೋಡಿಕೊಂಡರು. ದೊರೆ ಮೀಸೆಯೊಳಗೇ ನಕ್ಕ. ಅಲ್ಲಿದ್ದವರಲ್ಲಿ ಗೊತ್ತಿಲ್ಲದೋನು ಭುಜಂಗಯ್ಯನೊಬ್ಬನೇ.

ಹೊಂಬಾಳಮ್ಮ ಏನೂ ಬಿಡಿಸಿ ಹೇಳಲಿಲ್ಲ. ದೊರೇನ ತನ್ನ ಮನೆಗೆ ಕರೆದಳು. ದೊರೆ ನಡೆದೇ ಬಂದ, ಹಿಂದೆ ಊರೆಲ್ಲ ಬಂತು. ಭಟರು ಎಳಕೊಂಡು ಹೋದಾಗ ಹ್ಯಾಗಿತ್ತೋ ಹಾಗೇ ಇತ್ತು ಅವಳ ಒರಳು. ಕಲ್ಲಿನ ಗುಳಿಗುಳಿಯಲ್ಲೂ ಕೆಂಪು ಪುಡಿ ಹತ್ತಿಕೊಂಡಿತ್ತು. ಪಕ್ಕದ ಮನೆಯಿಂದ ಬಿಸಿ ಬಿಸಿ ಅನ್ನ ತರಿಸಿದಳು. ಒರಳಿಗೆ ಹಾಕಿ, ಮೇಲೆ ತುಪ್ಪ ಬಿಟ್ಟು, ಚಿಟಿಕೆ ಉಪ್ಪು ಉದುರಿಸಿ, ಸುತ್ತಲೂ ಒರೆಸಿ ಒರೆಸಿ ಕಲಸಿದಳು. ಬಿಳೀ ಅನ್ನ ಕೆಂಪಗಾಯ್ತು. ಒಂದು ಉಂಡೆ ಕಟ್ಟಿ ದೊರೆಯ ಕೈಗಿಟ್ಟಳು.

ದೊರೆ ನಿಂತಲ್ಲೇ ತಿಂದ. ಇನ್ನೊಂದು ಉಂಡೆಗೆ ಕೈ ಚಾಚಿದ. ಅದನ್ನೂ ತಿಂದು ಭುಜಂಗಯ್ಯನ ಕಡೆ ತಿರುಗಿದ.

"ಚಿಕ್ಕಂದಿನಲ್ಲಿ ಈ ಅನ್ನಕ್ಕೆ ನಾನೂ ಒರಳಿನ ಸುತ್ತ ಕಾದು ಕೂತವನೇ. ಒಂದು ಸಲವಾದ್ರೂ ಪುಡಿ ಕುಟ್ಟಿದವನು ಈ ಅನ್ನ ಕಲಸದೆ ಒರಳು ತೊಳೀತಾನೇನಯ್ಯಾ?"

ಭಟರು ಭುಜಂಗಯ್ಯನ ಶಾಲು ಕಿತ್ತರು, ಕಡಗ ಬಿಚ್ಚಿಸಿದರು. ಇವನನ್ನೇ ಗಡೀಪಾರು ಮಾಡ್ತೀನಿ ಅಂತ ದೊರೆ ಗುಡುಗಿದ.

"ಬೇಡ ಬುದ್ಧಿ" ಅಂದಳು ಹೊಂಬಾಳಮ್ಮ. "ಗಡಿಯಾಚೆ ಹೋಗಿ ಇನ್ಯಾರದೋ ಪುಡೀನ ನಂದು ಅಂತಾನೆ. ಇಲ್ಲೇ ಇರಲಿ. ನಾನು ಹುರೀತೀನಿ, ಅವನು ಕುಟ್ಟಲಿ. ಒರಳ ಅನ್ನ ಮಾತ್ರ ಕೇರಿ ಮಕ್ಕಳಿಗೆ."

ಹಾಗೇ ಆಯ್ತು. ಭುಜಂಗಯ್ಯ ಮಸಿ ಪಂಚೆ ಕಟ್ಟಿ ಸೀನುತ್ತಾ ಸೀನುತ್ತಾ ಕುಟ್ಟಿದ. ಮಕ್ಕಳು ಅವನ ಮುಂದೇನೇ ಉಂಡೆ ತಿಂದವು. ಅರಮನೆಯಲ್ಲಿ ಸಾರು ಬಡಿಸೋ ಮುಂಚೆ, ಇದು ಕುಂಬಾರಗೇರಿ ಹೊಂಬಾಳಮ್ಮನ ಪುಡಿ ಅಂತ ಗಟ್ಟಿಯಾಗಿ ಕೂಗಿ ಹೇಳೋ ಪದ್ಧತಿ ಬಂತು. ಅದು ಹೊಂಬಾಳಮ್ಮನಿಗೂ ತಿಳೀತು. ಆವತ್ತಿಂದ ಅವಳ ಜಂಬ ಇನ್ನೂ ಒಂದು ಮೊಳ ಜಾಸ್ತಿಯಾಯ್ತು ಅಂತಾರೆ. ಆಗಲಿ ಬಿಡಿ.

ಕೇಳಿದಿರಲ್ಲ, ಈಗ ನೆನಪಿಟ್ಟುಕೊಳ್ಳಿ. ಇನ್ನೊಬ್ಬರು ಬೆವರು ಸುರಿಸಿ ಮಾಡಿದ್ದಕ್ಕೆ ನಿಮ್ಮ ಹೆಸರು ಹಾಕಿಕೊಳ್ಳಬೇಡಿ, ಎಲ್ಲೋ ಒಂದು ಕಡೆ ಸಿಕ್ಕಿಬೀಳ್ತೀರಿ. ನಿಮ್ಮ ಕೈಯಾರೆ ಮಾಡಿದ್ದನ್ನ ನಾನು ಮಾಡಿದ್ದು ಅಂತ ತಲೆ ಎತ್ತಿ ಹೇಳಿ, ಅದಕ್ಕೆ ನಾಚಿಕೆ ಪಡಬೇಕಾಗಿಲ್ಲ.